ನಲ್ಲಿ ಇದೆ, ನೀರು ಬರುತ್ತದೆಯೇ?

ನಿವೃತ್ತ ಪ್ರಾಧ್ಯಾಪಕರೊಬ್ಬರು ಬರೆದಿದ್ದಾರೆ: "ಸಮಾಜವನ್ನು ಬದಲಿಸುವ ಸಂಶೋಧನೆಯಲ್ಲಿ ಯುವಜನರೂ ಇರಬೇಕೆಂದು ಕಳೆದ ಸಂಚಿಕೆಯಲ್ಲಿ ವಾದಿಸಿದ್ದೀರಿ. ಹದಿನಾರರ ನನ್ನ ಮೊಮ್ಮಗಳು ಗೆಳತಿಯರೊಡನೆ ಬಸ್ ನಿಲ್ದಾಣದಲ್ಲಿ ನಿಂತು, ಯಾರು ಎಷ್ಟು ಹೊತ್ತು ಕಾಯುತ್ತಾರೆಂದು ಬರೆದುಕೊಳ್ಳುತ್ತಿದ್ದಾಳೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ತರಬೇತಿ ಇಲ್ಲದವರು ಕಲೆಹಾಕಿದ್ದು ಸಂಶೋಧನೆಯಾದೀತೇ? ತಮಗೆ ಬೇಕಾದ ಉತ್ತರವನ್ನೇ ಅವರು ಹುಡುಕಿಕೊಳ್ಳುವುದಿಲ್ಲವೇ?"

ಮಾನ್ಯರೇ, ನಿಮ್ಮ ಆತಂಕದಲ್ಲಿ ಹುರುಳಿದೆ. ಉತ್ತರವನ್ನು ಬಾಯಿಗೆ ತುರುಕದಂತೆ ಪ್ರಶ್ನೆ ಕೇಳುವುದನ್ನು, ಹೇಳಿದವರ ಗುಟ್ಟು ಕಾಯುವುದನ್ನು ಕಲಿಯದೆ ಆಗದು. ಕಲಿಸಲು ನಿಮ್ಮಂಥವರಿದ್ದೀರಿ. ಆದರೆ ಬೇಕಾದ ಉತ್ತರವನ್ನೇ ಹುಡುಕುವ ಚಟ ಹದಿನಾರರವರಿಗೆ ಮಾತ್ರ ಅಂಟಿದ್ದೇ?

ಕಾಲೇಜಿನಲ್ಲಿದ್ದಾಗ ನಾನೊಂದು ಸಮೀಕ್ಷೆಗಾಗಿ ಮನೆಮನೆ ಅಲೆದಿದ್ದೆ. ಪ್ರಶ್ನಾವಳಿ ಸಿದ್ಧಪಡಿಸಿದವರು ನುರಿತವರೇ. "ಮನೆಯಲ್ಲಿ ನಲ್ಲಿ ಇದೆಯೇ?" ಎಂದು ಅದರಲ್ಲಿತ್ತು. ಇದೆ ಎಂದವರ ಮುಂದೆ ಗುರುತು ಹಾಕುತ್ತ ಹೋದೆ. ಒಬ್ಬ ಅಜ್ಜಿ ಕೈಹಿಡಿದು ನಿಲ್ಲಿಸಿದರು: "ನಲ್ಲಿ ಇದೆಯೇ ಎಂದು ಕೇಳುತ್ತೀಯಲ್ಲ ಮಗು, ನೀರು ಬರುತ್ತದೆಯೇ ಎಂದು ಕೇಳುವುದಿಲ್ಲವೇ?" ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಸಂಜೆ ಮೇಲ್ವಿಚಾರಕರಿಗೆ ಹೇಳಿದರೆ, ಹಾಳೆ ತುಂಬುವುದಷ್ಟೇ ನಿನ್ನ ಕೆಲಸ ಎಂದರು. ವರದಿಯಲ್ಲಿ ಅದು ನೀರಿನ ಸೌಕರ್ಯವಿರುವ ಬೀದಿಯಾಗಿಯೇ ಉಳಿಯಿತು. ಆ ಗುರುತು ಹಾಕಿದ ಕೈ ನನ್ನದು ಎಂಬುದು ಇಂದಿಗೂ ಚುಚ್ಚುತ್ತದೆ.

1960ರ ದಶಕದ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಭೂಗೋಳಶಾಸ್ತ್ರಜ್ಞ ವಿಲಿಯಂ ಬಂಗಿ, ಕಪ್ಪು ಜನರ ಬಡಾವಣೆಯ ತರುಣಿ ಗ್ವೆಂಡೋಲಿನ್ ವಾರೆನ್ ಜೊತೆಗೂಡಿದರು. ಉಪನಗರಗಳಿಂದ ಕೆಲಸಕ್ಕೆ ಬಂದುಹೋಗುವವರ ಕಾರುಗಳಿಗೆ ಕಪ್ಪು ಮಕ್ಕಳು ಸಿಕ್ಕಿ ಸಾಯುತ್ತಿದ್ದ ಜಾಗಗಳ ನಕ್ಷೆ ಅವರ ತಂಡದಿಂದ ಬಂತು; ಅಚ್ಚಾದದ್ದು 1971ರಲ್ಲಿ. ಪೊಲೀಸರಿಂದ ವಿವರ ಪಡೆಯುವುದೇ ದೊಡ್ಡ ಹರಸಾಹಸವಾಗಿತ್ತು. ಆ ಬೀದಿಗಳ ತಾಯಂದಿರಿಗೆ ಸಂಗತಿ ಮೊದಲೇ ಗೊತ್ತಿತ್ತು, ಹೊರಗಿನವರಿಗೆ ಅದು ಬಿಡಿಬಿಡಿ ಅಪಘಾತ. ಚುಕ್ಕೆಗಳೆಲ್ಲ ಒಂದೇ ಹಾಳೆಗೆ ಬಂದಾಗ ಆಕಸ್ಮಿಕ ಎನ್ನುವ ಬಾಯಿ ಕಟ್ಟಿತು. ಇದನ್ನು ಸಂಶೋಧನೆ ಎನ್ನದೆ ಇನ್ನೇನೆನ್ನೋಣ?

ಮುಂಬೈಯಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ 2006ರಲ್ಲಿ ಸಂಶೋಧನೆಯನ್ನೇ ಒಂದು ಹಕ್ಕೆಂದು ಕರೆದರು. ತನಗೆ ತಿಳಿಯಬೇಕಾದದ್ದನ್ನು ಕ್ರಮವಾಗಿ ಹುಡುಕಿಕೊಳ್ಳುವ ಶಕ್ತಿ ಪದವೀಧರರ ಸೊತ್ತಲ್ಲ ಎಂಬ ಆ ಮಾತನ್ನು ನಾನು ಅಕ್ಷರಶಃ ನಂಬುತ್ತೇನೆ.

ಆದರೆ ನಡೆಯುತ್ತಿರುವುದೇನು? 1992ರಲ್ಲಿ ಯುನಿಸೆಫ್‌ಗಾಗಿ ಸಂಶೋಧಕ ರೋಜರ್ ಹಾರ್ಟ್ ಮಕ್ಕಳ ಪಾಲ್ಗೊಳ್ಳುವಿಕೆಯ ಎಂಟು ಮೆಟ್ಟಿಲ ಏಣಿಯೊಂದನ್ನು ಬರೆದರು. ಕೆಳಗಿನ ಮೂರು ಮೆಟ್ಟಿಲುಗಳು ಮಕ್ಕಳನ್ನು ಗೊಂಬೆಯಂತೆ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಕಾಟಾಚಾರಕ್ಕೆ ಕರೆಯುವುದು. ಅವು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು ಹಾರ್ಟ್. ನಾನು ಹೋದ ವಿಚಾರ ಸಂಕಿರಣಗಳಲ್ಲಿ ಬಹುಪಾಲು ಆ ಮೂರರಲ್ಲೇ ನಿಂತಿವೆ. ಯುವಕರು ಬಿಸಿಲಿನಲ್ಲಿ ಮಾಹಿತಿ ತರುತ್ತಾರೆ. ಅದರ ಅರ್ಥವೇನೆಂದು ತೀರ್ಮಾನಿಸುವ ಕೋಣೆಯೊಳಗೆ ಅವರಿಗೆ ಕುರ್ಚಿಯಿಲ್ಲ. ವರದಿ ಸಿದ್ಧವಾದ ಮೇಲೆ, ಮಾಹಿತಿ ಕೊಟ್ಟ ಬೀದಿಗೆ ಹೋಗಿ ಓದಿ ಹೇಳುವವರೂ ಇಲ್ಲ. ತಾವು ಹೇಳಿದ್ದು ಯಾವ ಕಪಾಟು ಸೇರಿತೆಂದು ತಿಳಿಯದ ಜನ ಮುಂದಿನ ಸಲ ಬಾಗಿಲು ತೆರೆಯದಿದ್ದರೆ ತಪ್ಪು ಯಾರದು?

ಇದರ ಬೇರು ತರಗತಿಯಲ್ಲೇ ಇದೆ. ಹತ್ತಾರು ವರ್ಷ ಮಕ್ಕಳಿಗೆ ಉತ್ತರಕ್ಕೆ ಅಂಕ ಕೊಡುತ್ತೇವೆ. ಒಳ್ಳೆಯ ಪ್ರಶ್ನೆಗೆ ಅಂಕ ಕೊಟ್ಟ ಪರೀಕ್ಷೆಯನ್ನು ನಾನು ಕಂಡಿಲ್ಲ. ನೀವೂ ಅಲ್ಲೇ ಬಾಳು ಸವೆಸಿದವರು, ಕಂಡಿದ್ದರೆ ದಯವಿಟ್ಟು ತಿಳಿಸಿ.

ಮೊಮ್ಮಗಳ ಪಕ್ಕ ಒಂದು ಸಂಜೆ ನಿಲ್ದಾಣದಲ್ಲಿ ನಿಲ್ಲಿ. ಎಣಿಕೆಯಲ್ಲಿ ತಪ್ಪಿದ್ದರೆ ಹೇಗೆ ತಿದ್ದಬೇಕೆಂದು ತೋರಿಸಿ. ಆ ಪ್ರಶ್ನೆ ಅವರಿಗೆ ಏಕೆ ಹೊಳೆಯಿತೆಂದು ಕೇಳಿ. ಕತ್ತಲಾದ ಮೇಲೆ ಅಲ್ಲಿ ಕಾಯುವವರು ಅವರು, ನಾವಲ್ಲ. ಆ ಹುಡುಗಿಯರು ಒಪ್ಪಿದರೆ ಅವರ ಟಿಪ್ಪಣಿ ಪುಸ್ತಕವನ್ನು ನಮಗೆ ಕಳುಹಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿಟ್ಟಿದ್ದೇನೆ.

ಸಂಪಾದಕ