ಹಗರಣದ ಬೆನ್ನಲ್ಲೇ ಚುನಾವಣೆ

ಪ್ರಶ್ನೆ: ನಾನು ಬರೆಯುತ್ತಿರುವ ನಾಟಕದಲ್ಲಿ ಕಲ್ಪಿತ ದೇಶವೊಂದರ ಪ್ರಧಾನಿ, ಲಂಚದ ಹಗರಣ ಬಯಲಾದೊಡನೆ ಸಂಸತ್ತನ್ನು ವಿಸರ್ಜಿಸಿ ಮೂರೇ ವಾರದಲ್ಲಿ ಚುನಾವಣೆ ನಡೆಸುತ್ತಾನೆ. ಇದು ನಂಬುವಂತಿದೆಯೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಖಂಡಿತ ನಂಬಬಹುದು. ಜಪಾನಿನಲ್ಲಿ ಆಡಳಿತ ಪಕ್ಷದ ಲೆಕ್ಕಕ್ಕೆ ಸಿಗದ ನಿಧಿಯ ಹಗರಣದ ನೆರಳಿನಲ್ಲೇ ಅಧಿಕಾರಕ್ಕೆ ಬಂದ ಹೊಸ ಪ್ರಧಾನಿ ಶಿಗೆರು ಇಶಿಬಾ, 2024ರ ಅಕ್ಟೋಬರ್ 9ರಂದು ಕೆಳಮನೆಯನ್ನು ವಿಸರ್ಜಿಸಿ 27ರಂದೇ ಮತದಾನ ನಡೆಸಿದರು. ಆದರೆ ಆತುರ ಫಲಿಸಲಿಲ್ಲ, ಆಡಳಿತ ಮೈತ್ರಿಕೂಟವು ಬಹುಮತ ಕಳೆದುಕೊಂಡಿತು. ಆಸ್ಟ್ರಿಯಾದಲ್ಲಿ ಇದಕ್ಕೆ ವಿರುದ್ಧವಾಗಿ, 2019ರ ಮೇ ತಿಂಗಳಲ್ಲಿ ಉಪಚಾನ್ಸಲರ್ (ಉಪಪ್ರಧಾನಿಯಂಥ ಹುದ್ದೆ) ಸಿಕ್ಕಿಬಿದ್ದ ರಹಸ್ಯ ವಿಡಿಯೊ ಬಯಲಾಗಿ ಸರ್ಕಾರ ಉರುಳಿದರೂ, ಸೆಪ್ಟೆಂಬರ್ 29ರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡಿದ್ದ ಚಾನ್ಸಲರ್ ಸೆಬಾಸ್ಟಿಯನ್ ಕುರ್ಜ್ ಅವರ ಪಕ್ಷವೇ ಮೊದಲ ಸ್ಥಾನ ಗಳಿಸಿತು.

ನಮ್ಮ ದೇಶವನ್ನು ಮಾದರಿಯಾಗಿ ಇಟ್ಟುಕೊಂಡರೆ ಮಾತ್ರ ಮೂರು ವಾರ ಸಾಲದು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಾಗ (ಅಲ್ಲಿ ಕಾರಣ ಹಗರಣವಲ್ಲ, ಮಿತ್ರಪಕ್ಷದ ಮುನಿಸು) ಮತದಾನ ನಡೆದದ್ದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ನಿಮ್ಮ ನೆರೆಯ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದದ್ದು ಆ ಚುನಾವಣೆಯಲ್ಲೇ. ಸುಷ್ಮಾ ಅವರು ಕನ್ನಡ ಕಲಿತದ್ದು ಪ್ರಚಾರದ ಕೆಲವೇ ವಾರಗಳಲ್ಲಿ; ಹಾಗಾಗಿ ಅಂಥ ಪಾತ್ರಕ್ಕೆ ನಿಮ್ಮ ಮೂರು ವಾರದಲ್ಲೂ ಎಡೆಯಿರುತ್ತದೆ.