ಶೇಕಡಾ 20, ಆದರೆ ಯಾವುದರಲ್ಲಿ?

ಆತ್ಮೀಯರೇ,

ದೀರ್ಘಕಾಲಿಕ ಲ್ಯುಕೇಮಿಯಾದಲ್ಲಿ (ರಕ್ತದ ಕ್ಯಾನ್ಸರ್) ಜೀನ್ ಅಭಿವ್ಯಕ್ತಿಯ, ಅಂದರೆ ಜೀನು ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ಎಂಬುದರ, ಸೂಚಕಗಳನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ವಿಷಯದ ಆಯ್ಕೆ ಒಳ್ಳೆಯದು, ಭಾಷೆಯೂ ತಿಳಿಯಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಅದಕ್ಕೆ ಕಾರಣ ನಿಮ್ಮ ಶೇಕಡಾವಾರು ಅಂಕಿಗಳು.

ಸಿಎಲ್‌ಎಲ್ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ದೀರ್ಘಕಾಲಿಕ ಲ್ಯುಕೇಮಿಯಾ) ಕುರಿತ ಭಾಗದಲ್ಲಿ, “ಝ್ಯಾಪ್-70 ಜೀನಿನ ಅಭಿವ್ಯಕ್ತಿ ಶೇಕಡಾ 20ಕ್ಕಿಂತ ಹೆಚ್ಚಿದ್ದರೆ ಕೂಡಲೇ ಚಿಕಿತ್ಸೆ ಆರಂಭಿಸಬೇಕು” ಎಂದು ಬರೆದಿದ್ದೀರಿ. ಶೇಕಡಾ 20 ಎಂದರೆ ಯಾವುದರಲ್ಲಿ? 2000ದ ದಶಕದ ಆರಂಭದಲ್ಲಿ, ಪ್ರತಿಕಾಯದ ಜೀನಿನಲ್ಲಿ ರೂಪಾಂತರ ಇರುವ ಮತ್ತು ಇಲ್ಲದ ರೋಗಿಗಳ ಕೋಶಗಳನ್ನು ಹೋಲಿಸಿದಾಗ, ಎರಡು ಗುಂಪುಗಳನ್ನು ಬೇರ್ಪಡಿಸುವ ಜೀನುಗಳಲ್ಲಿ ಝ್ಯಾಪ್-70 ಎದ್ದು ಕಂಡಿತು ಎಂಬುದು ನಿಜ. ಆದರೆ ನೀವು ಕೊಟ್ಟ ಮಿತಿ ಆರ್‌ಎನ್‌ಎ (ಜೀನಿನ ಸಂದೇಶದ ಪ್ರತಿ) ಪ್ರಮಾಣದ್ದಲ್ಲ. ಅದು, ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಪರೀಕ್ಷಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಆ ಜೀನಿನ ಪ್ರೋಟೀನ್ ಕಾಣಿಸಿಕೊಂಡ ಕ್ಯಾನ್ಸರ್ ಕೋಶಗಳ ಪಾಲು. ಆರೋಗ್ಯವಂತ ಟಿ ಕೋಶಗಳಲ್ಲೂ (ರೋಗನಿರೋಧಕ ಬಿಳಿ ರಕ್ತಕಣಗಳು) ಅದೇ ಪ್ರೋಟೀನ್ ಇರುವುದರಿಂದ ಅವನ್ನು ಲೆಕ್ಕದಿಂದ ಹೊರಗಿಡಬೇಕು. ಒಂದು ಪ್ರಯೋಗಾಲಯದ ಅಳತೆ ಇನ್ನೊಂದರ ಅಳತೆಗೆ ಸರಿಹೊಂದದೆ ಹೋದದ್ದೇ ಈ ಪರೀಕ್ಷೆ ದಿನನಿತ್ಯದ ಬಳಕೆಯಲ್ಲಿ ಗಟ್ಟಿಯಾಗಿ ನೆಲೆಯೂರದಿರಲು ಮುಖ್ಯ ಕಾರಣ. ಲೇಖನದ ನಿಜವಾದ ಕಥೆ ಇದೇ ಆಗಿತ್ತು, ಅದನ್ನು ನೀವು ಬಿಟ್ಟುಬಿಟ್ಟಿದ್ದೀರಿ.

ಸಿಎಂಎಲ್ (ಮೈಲಾಯ್ಡ್ ಎಂಬ ಬಗೆಯ ರಕ್ತಕಣಗಳ ದೀರ್ಘಕಾಲಿಕ ಲ್ಯುಕೇಮಿಯಾ) ಭಾಗದಲ್ಲೂ ಇದೇ ಲೋಪವಿದೆ. “ಬಿಸಿಆರ್-ಎಬಿಎಲ್1 ಶೇಕಡಾ 0.1 ಎಂದರೆ ರಕ್ತದಲ್ಲಿ ಸಾವಿರಕ್ಕೆ ಒಂದು ಕ್ಯಾನ್ಸರ್ ಕೋಶ ಉಳಿದಿದೆ” ಎನ್ನುತ್ತೀರಿ. ಅಲ್ಲಿ ಎಣಿಸುವುದು ಕೋಶಗಳನ್ನಲ್ಲ. ಬಿಸಿಆರ್ ಮತ್ತು ಎಬಿಎಲ್1 ಎಂಬ ಎರಡು ಜೀನುಗಳು ಬೆಸೆದು ಆದ ಜೀನಿನ ಆರ್‌ಎನ್‌ಎ ಪ್ರತಿಗಳನ್ನು, ಹೋಲಿಕೆಗೆಂದೇ ಆರಿಸಿದ ಒಂದು ನಿಯಂತ್ರಕ ಜೀನಿನ ಪ್ರತಿಗಳಿಗೆ ಹೋಲಿಸಿ, ಬಂದ ಅನುಪಾತವನ್ನು ಅಂತಾರಾಷ್ಟ್ರೀಯ ಮಾಪನಕ್ಕೆ ಪರಿವರ್ತಿಸುತ್ತಾರೆ. ಆ ಮಾಪನದ 100 ಎಂಬ ಆರಂಭಬಿಂದು ಎಲ್ಲರಿಗೂ ಒಂದೇ. ಅದು ಆಯಾ ರೋಗಿಯ ಮೊದಲ ದಿನದ ಮಟ್ಟವಲ್ಲ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರು, ಅಂಕಿ ಕಂಡಲ್ಲೆಲ್ಲ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾವುದರಲ್ಲಿ?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಉತ್ತರಕ್ಕಾಗಿ ಮೂಲ ಪ್ರಬಂಧದ ಕೋಷ್ಟಕಗಳ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳವರೆಗೂ ಹೋಗಬೇಕಾಗುತ್ತಿತ್ತು, ಮತ್ತು ಸಾರಾಂಶದಲ್ಲಿ ಸರಳವಾಗಿ ಕಂಡ ಅಂಕಿಗೆ ಅಲ್ಲಿ ಎಷ್ಟೊಂದು ಷರತ್ತುಗಳಿವೆ ಎಂಬುದು ತಿಳಿಯುತ್ತಿತ್ತು. ನಾನು ವೈದ್ಯಕೀಯ ಬರವಣಿಗೆ ಕಲಿತದ್ದು ಆ ಟಿಪ್ಪಣಿಗಳಲ್ಲಿ.

ಇನ್ನು ‘ಕೂಡಲೇ ಚಿಕಿತ್ಸೆ’ ಎಂಬ ಮಾತು. ಇದು ನನ್ನನ್ನು ಹೆಚ್ಚು ಕಾಡಿತು. ಸಿಎಲ್‌ಎಲ್‌ನಲ್ಲಿ ಲಕ್ಷಣಗಳಿಲ್ಲದ ಆರಂಭಿಕ ಹಂತದ ಅನೇಕರಿಗೆ ವೈದ್ಯರು ಚಿಕಿತ್ಸೆ ಕೊಡದೆ ನಿಗಾ ಇಡುತ್ತಾರೆ. ಚಿಕಿತ್ಸೆ ಆರಂಭವಾಗುವುದು ರೋಗ ಸಕ್ರಿಯವಾದಾಗ: ಹಿಮೋಗ್ಲೋಬಿನ್ ಅಥವಾ ಪ್ಲೇಟ್ಲೆಟ್ ಕುಸಿದಾಗ, ಗುಲ್ಮ ಇಲ್ಲವೇ ದುಗ್ಧಗ್ರಂಥಿಗಳು ವಿಪರೀತ ಊದಿದಾಗ, ಕಾರಣವಿಲ್ಲದೆ ತೂಕ ಇಳಿದಾಗ. ಒಂದು ಸೂಚಕ ಪ್ರತಿಕೂಲವಾಗಿದೆ ಎಂಬುದಷ್ಟೇ ಅದಕ್ಕೆ ಕಾರಣವಾಗದು. ವರದಿಯನ್ನು ಕೈಯಲ್ಲಿ ಹಿಡಿದು ನಿಮ್ಮ ಲೇಖನ ಓದುವವರು ಇದ್ದೇ ಇರುತ್ತಾರೆ. ನಿಮ್ಮ ಆ ಒಂದು ವಾಕ್ಯ, ತಮ್ಮ ವೈದ್ಯರು ನಿರ್ಲಕ್ಷ್ಯ ಮಾಡುತ್ತಿದ್ದಾರೆ ಎಂಬ ಭಯವನ್ನು ಅವರಲ್ಲಿ ಹುಟ್ಟಿಸಬಲ್ಲದು.

ಈ ಎರಡು ಭಾಗಗಳನ್ನು ಮತ್ತೆ ಬರೆಯಿರಿ. ಪ್ರತಿ ಅಂಕಿಯ ಜೊತೆಗೆ ಏನನ್ನು, ಯಾವ ವಿಧಾನದಿಂದ, ಯಾವುದಕ್ಕೆ ಹೋಲಿಸಿ ಅಳೆದರು ಎಂಬುದು ಅದೇ ವಾಕ್ಯದಲ್ಲಿ ಇರಲಿ. ಲೇಖನ ಉದ್ದವಾದರೆ ಚಿಂತೆಯಿಲ್ಲ. ಜಾಗ ಹೊಂದಿಸುವ ಹೊಣೆ ನನ್ನದು.

ವಿಶ್ವಾಸದಿಂದ,
ಸಂಪಾದಕ