ಎರಡು ಲಕ್ಷ ಕಿಲೋಮೀಟರ್ ಓಡಿದ ಎಸ್‌ಯುವಿ: ಮೊದಲು ಗಾಡಿಯ ಕೆಳಗೆ ಮಲಗಿ ನೋಡಿ

ನೀವು ನೋಡಿರುವುದು ಎರಡು ಲಕ್ಷ ಕಿಲೋಮೀಟರ್ ದಾಟಿದ, ಲ್ಯಾಡರ್ ಫ್ರೇಮ್ (ಬಾಡಿಯನ್ನು ಹೊರುವ, ಏಣಿಯಂತಹ ಉಕ್ಕಿನ ಚೌಕಟ್ಟು) ಇರುವ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ. ಎಂಜಿನ್ ಸದ್ದು ಹಿತವಾಗಿದೆ, ಬಣ್ಣ ಹೊಳೆಯುತ್ತಿದೆ, ಆದರೂ ಓಡೋಮೀಟರ್ ನೋಡಿ ಧೈರ್ಯ ಸಾಲುತ್ತಿಲ್ಲ ಎಂದು ಬರೆದಿದ್ದೀರಿ. ಹಳೆಯ ಎಸ್‌ಯುವಿಗಳನ್ನೇ ಓಡಿಸಿಕೊಂಡು ಬಂದವನು ನಾನು. ಪರಿಚಯದವರು ಗಾಡಿ ನೋಡಲು ಹೊರಟರೆ ಜೊತೆಗೆ ಹೋಗುವುದೂ ರೂಢಿ. ಆ ಅಂಕಿಯೊಂದನ್ನೇ ನೋಡಿ ನೀವು ಹೆದರಬೇಕಾಗಿಲ್ಲ. ಹೆದ್ದಾರಿಯಲ್ಲಿ ಹದವಾಗಿ ಓಡಿ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ ಎರಡು ಲಕ್ಷದ ಎಂಜಿನ್, ದಿನವೂ ಅರೆಬರೆ ಬಿಸಿಯಾಗಿ ನಿಂತುಹೋಗುತ್ತಿದ್ದ ಎಂಬತ್ತು ಸಾವಿರದ ಎಂಜಿನ್‌ಗಿಂತ ಎಷ್ಟೋ ಮೇಲು.

ಎಂಜಿನ್, ಗೇರ್‌ಬಾಕ್ಸ್, ಟರ್ಬೊ ಎಲ್ಲವನ್ನೂ ದುರಸ್ತಿ ಮಾಡಿಸಬಹುದು, ಖರ್ಚನ್ನು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಕೊಳೆತ ಫ್ರೇಮಿಗೆ ಆ ಲೆಕ್ಕ ಹೊಂದುವುದಿಲ್ಲ. ಆದ್ದರಿಂದ ಬಾನೆಟ್ ಎತ್ತುವುದಕ್ಕೂ ಮೊದಲು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಕೆಳಗಿನಿಂದ ನೋಡಿ. ಲಿಫ್ಟ್ ಇಲ್ಲದಿದ್ದರೆ ಚಾಪೆ ಹಾಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಎಂದಿಗೂ ನುಸುಳಬೇಡಿ.

ಮುಖ್ಯವಾಗಿ ನೋಡಬೇಕಾದುದು ಹಿಂದಿನ ಆಕ್ಸಲ್ ಮೇಲೆ ಫ್ರೇಮ್ ಬಾಗಿ ಏರುವ ಜಾಗ, ಸ್ಪ್ರಿಂಗ್ ಮತ್ತು ಸಸ್ಪೆನ್ಷನ್ ತೋಳುಗಳು ಕೂಡುವ ಬ್ರಾಕೆಟ್‌ಗಳು, ಅಡ್ಡಪಟ್ಟಿಗಳ ಮೂಲೆಗಳು. ಕೆಸರು ಸೇರಿ ಒಣಗದೆ ಉಳಿಯುವುದು ಅಲ್ಲಿಯೇ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಟಣ್ ಎಂದು ಮೊಳಗುತ್ತದೆ. ತಿಂದುಹೋದ ಕಡೆ ಸದ್ದು ಮಂಕಾಗಿ ಸತ್ತುಹೋಗುತ್ತದೆ. ಮೇಲ್ಮೈಯ ಕಂದು ತುಕ್ಕಿಗೆ ಅಂಜಬೇಡಿ, ಈ ವಯಸ್ಸಿನ ಗಾಡಿಗೆ ಅದು ಸಹಜ. ಪದರ ಪದರವಾಗಿ ಎದ್ದು ಉಗುರಿಗೇ ಬರುವ ತುಕ್ಕು, ತೂತು, ಮೇಲೊಂದು ತಗಡಿಟ್ಟು ಹಾಕಿದ ಬೆಸುಗೆ, ಇವುಗಳಲ್ಲಿ ಒಂದು ಕಂಡರೂ ನಾನು ಅಲ್ಲಿಂದ ಹೊರಡುತ್ತೇನೆ. ಇನ್ನೊಂದು ಮಾತು: ಗಾಡಿಯೆಲ್ಲ ಹಳೆಯದಾಗಿದ್ದು, ಅಡಿಭಾಗಕ್ಕೆ ಮಾತ್ರ ನಿನ್ನೆ ಮೊನ್ನೆ ಬಳಿದಂತಹ ದಪ್ಪ ಕಪ್ಪು ಲೇಪವಿದ್ದರೆ, ಅದರಡಿ ಏನಿದೆ ಎಂಬುದು ತಿಳಿಯುವವರೆಗೆ ಮುಂಗಡ ಕೊಡಬೇಡಿ.

ಕೆಳಗೆ ಇರುವಾಗಲೇ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ), ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ), ಗೇರ್‌ಬಾಕ್ಸ್‌ಗಳ ಸೀಲ್ ನೋಡಿ. ತೇವದ ಧೂಳು ಮೆತ್ತಿಕೊಂಡಿದ್ದರೆ ಜಿನುಗುತ್ತಿದೆ ಎಂದು ಅರ್ಥ. ತೊಟ್ಟಿಕ್ಕುತ್ತಿದ್ದರೆ ಚೌಕಾಸಿಗೆ ಕಾರಣವಾಯಿತು. ಮುಂದಿನ ಆಕ್ಸಲ್‌ನ ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿದಿದೆಯೇ ಎಂದೂ ಗಮನಿಸಿ. ಆಕ್ಸಲ್‌ಗೆ ಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಜಾಯಿಂಟ್ ಸಡಿಲವಾಗಿದ್ದರೆ ಕೈಗೇ ತಿಳಿಯುತ್ತದೆ.

ಇನ್ನು ಎಂಜಿನ್. ಮಾರುವವರಿಗೆ ಹಿಂದಿನ ದಿನವೇ ಹೇಳಿಬಿಡಿ: ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು. ಹೋದೊಡನೆ ರೇಡಿಯೇಟರ್ ಮೆದುಗೊಳವೆಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬನ್ನಿ, ಸಂಕೋಚ ಬೇಡ. ಹಳೆಯ ಡೀಸೆಲ್ ತನ್ನ ದೋಷಗಳನ್ನೆಲ್ಲ ತಣ್ಣಗಿರುವಾಗ ಹೇಳಿಕೊಳ್ಳುತ್ತದೆ, ಬಿಸಿಯಾದರೆ ಅರ್ಧ ಮುಚ್ಚಿಡುತ್ತದೆ. ಸ್ಟಾರ್ಟ್ ಮಾಡುವಾಗ ಒಬ್ಬರು ಸೈಲೆನ್ಸರ್ ಬಳಿ ನಿಲ್ಲಿ. ಮೊದಲು ಬರುವ ತೆಳು ಬಿಳಿ ಆವಿ ಚದುರಿಹೋದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣಿಸುವ ಕೂಲೆಂಟ್ ಸಿಲಿಂಡರಿನೊಳಗೆ ಸೋರುತ್ತಿದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಒತ್ತಿ ಓಡಿಸಿದಾಗ ದಟ್ಟ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ), ಟರ್ಬೊ ಕೊಳವೆಗಳ ಕಡೆ ನೋಡಬೇಕು.

ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಅದರ ಬಾಯಿಯ ಮೇಲೆಯೇ ಮಗುಚಿ ಇಡಿ. ಸ್ವಲ್ಪ ಆವಿ ಏಳುವುದು, ಮುಚ್ಚಳ ಸಣ್ಣಗೆ ಅಲುಗುವುದು ಹಳೆಯ ಡೀಸೆಲ್‌ಗೆ ತಪ್ಪಿದ್ದಲ್ಲ. ಮುಚ್ಚಳ ಕುಣಿದು ಆಚೆ ಬೀಳುವಷ್ಟು ಒತ್ತಡವಿದ್ದರೆ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಗಾಳಿ ಕೆಳಗೆ ನುಗ್ಗುತ್ತಿದೆ. ಎಂಜಿನ್ ಬಿಚ್ಚಿಸುವ ಕಾಲ ದೂರವಿಲ್ಲ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಬಣ್ಣ ನೋಡಿ ತೀರ್ಮಾನಿಸಬೇಡಿ. ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆತಂತಹ ನೊರೆ ಇದ್ದರೆ ಮಾತ್ರ ನೀರು ಸೇರಿದೆ ಎಂದು ಎಚ್ಚರಗೊಳ್ಳಿ. ಕೂಲೆಂಟ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಿರಿ. ತುಕ್ಕಿನ ಬಣ್ಣವೋ ಎಣ್ಣೆಯ ಪದರವೋ ಕಂಡರೆ ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷಿಸುವವರೆಗೆ ಕೊಳ್ಳುವ ಗಾಡಿಯಲ್ಲ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬದಲಿಸಿದ್ದಕ್ಕೆ ಬಿಲ್ ಕೇಳಿ. ಬಾಯಿಮಾತು ಸಾಲದು. ಬಹಳಷ್ಟು ಎಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ.

ಓಡಿಸಿ ನೋಡುವಾಗ ಹಾಡು, ಎಸಿ ಎರಡನ್ನೂ ಆರಿಸಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ, ಟಿಕ್ ಟಿಕ್ ಸದ್ದು ಬಂದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಸಿವಿ ಜಾಯಿಂಟ್ ಸವೆದಿದೆ. ಆಟೊಮ್ಯಾಟಿಕ್ ಆದರೆ ಡ್ರೈವ್‌ನಿಂದ ರಿವರ್ಸ್‌ಗೆ ಹಾಕಿದಾಗ ಧಡ್ ಎನ್ನುತ್ತದೆಯೇ ಎಂದು ಗಮನಿಸಿ. ಫೋರ್ ವೀಲ್ ಡ್ರೈವನ್ನು ಪರೀಕ್ಷಿಸದೆ ಬಿಡುವವರೇ ಹೆಚ್ಚು. ವರ್ಷಗಟ್ಟಲೆ ಮುಟ್ಟದ ಟ್ರಾನ್ಸ್‌ಫರ್ ಕೇಸ್ ಹಿಡಿದುಕೊಂಡಿರುವುದು ಸಾಮಾನ್ಯ. ಬೇಕಾದಾಗ ಮಾತ್ರ ಹಾಕುವ ಮಾದರಿಯಾದರೆ ಮಣ್ಣಿನ ಅಥವಾ ಜಲ್ಲಿಯ ನೆಲದಲ್ಲಿ ಹೈ (ಸಾಮಾನ್ಯ ವೇಗದ್ದು), ಲೋ (ನಿಧಾನದ, ಹೆಚ್ಚು ಎಳೆತದ್ದು) ಎರಡನ್ನೂ ಹಾಕಿ ನೋಡಿ. ಒಣ ಡಾಂಬರಿನ ಮೇಲೆ ಹಾಕಿ ತಿರುಗಿಸಬೇಡಿ. ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ತಿರುವಿನಲ್ಲಿ ಬೇರೆ ಬೇರೆ ದೂರ ಕ್ರಮಿಸುವುದರಿಂದ ಒಳಗಿನ ಗೇರುಗಳ ಮೇಲೆ ಭಾರ ಬೀಳುತ್ತದೆ.

ಓಡೋಮೀಟರ್ ತಿದ್ದಿದ್ದಾರೆಯೇ ಎಂಬ ಅನುಮಾನಕ್ಕೆ ಪೆಡಲ್ ರಬ್ಬರ್, ಸ್ಟೀರಿಂಗ್ ಚರ್ಮ, ಚಾಲಕನ ಸೀಟಿನ ಅಂಚುಗಳ ಸವೆತವನ್ನು ಸರ್ವಿಸ್ ದಾಖಲೆಯ ಜೊತೆ ತಾಳೆ ನೋಡಿ. ಟೈರ್ ಪಕ್ಕದ ನಾಲ್ಕಂಕಿ ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ; ಒಳತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಿನಲ್ಲಿ ಮುಳುಗಿತ್ತೆಂದೇ ತಿಳಿಯಿರಿ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ, ಮೊಬೈಲಿಗೆ ಜೋಡಿಸುವ ಸಣ್ಣ ಒಬಿಡಿ ಸ್ಕ್ಯಾನರ್ ಒಂದನ್ನು ಕೊಂಡೊಯ್ಯಿರಿ. ದೋಷಸಂಕೇತಗಳಿಗಿಂತ ನಾನು ಮೊದಲು ನೋಡುವುದು, ಅವುಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬುದನ್ನು. ಬಹಳಷ್ಟು ಗಾಡಿಗಳು ಇದನ್ನು ತೋರಿಸುತ್ತವೆ. ಹತ್ತೋ ಹದಿನೈದೋ ಕಿಲೋಮೀಟರ್ ಎಂದು ಬಂದರೆ, ಬ್ಯಾಟರಿ ಬದಲಿಸಿದ್ದೀರಾ, ಇಲ್ಲವಾದರೆ ಏನನ್ನು ಅಳಿಸಿದ್ದೀರಿ ಎಂದು ನೇರವಾಗಿಯೇ ಕೇಳಿ.

ಲಿಫ್ಟ್ ಮೇಲೆ ಏರಿಸಲು ಮಾರುವವರು ಒಪ್ಪದಿದ್ದರೆ ಮಾತು ಮುಂದುವರಿಸಬೇಡಿ. ಒಪ್ಪಿದರೆ ಫ್ರೇಮಿನ ಹಿಂಭಾಗದ ಚಿತ್ರಗಳನ್ನು ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಎಂಜಿನ್ ಯಾವುದೆಂದೂ ಬರೆಯಿರಿ. ನೋಡಿ ಹೇಳುತ್ತೇನೆ.